ಕೈಮುಗಿಸಿಕೊಂಡ ಬಾವಿ

"ಗುರುಗಳೇ, ಹುಡುಗರು ಬರುತ್ತಾರೆ, ಹಾಜರಿಯ ಗುಂಡಿ ಒತ್ತುತ್ತಾರೆ, ಹೋಗಿಬಿಡುತ್ತಾರೆ. ಪಾಠ ಮಾತ್ರ ಯಾರೂ ಕೇಳುವುದಿಲ್ಲ. ಯಾಕೆ?" ಎಂದು ಭರಮಪ್ಪ ಕೇಳಿದ.

ಭರಮಪ್ಪ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ವಿಭಾಗಕ್ಕೆ ಹೊಸ ಅಧ್ಯಾಪಕ, ಗುರುಗಳ ಹಳೆಯ ಶಿಷ್ಯ. ವಿಭಾಗದ ಹುಡುಗರಿಗಾಗಿ ಇಂಟರ್‌ನೆಟ್ ಪಾಠಗಳನ್ನು ಕಟ್ಟಿದವನು ಅವನೇ. ಇಂಥದ್ದನ್ನು ಸುತ್ತ ಹತ್ತೂರಲ್ಲಿ ಯಾರೂ ಮಾಡಿಲ್ಲ ಎಂದು ಎದೆ ತಟ್ಟಿಕೊಂಡು ತಿರುಗಿದವನೂ ಅವನೇ. ಪ್ರತಿ ಪಾಠದ ಮೊದಲು ದೀಪ ಬೆಳಗಿಸಿದ್ದ, ಪ್ರಾರ್ಥನೆ ಹಾಡಿಸಿದ್ದ, ಕುಲಪತಿಗಳ ಹಿತವಚನ ಹಾಕಿಸಿದ್ದ. ನಡುವೆ ಪ್ರಶ್ನೆ ಕೇಳಲು ಜಾಗವಿಟ್ಟಿರಲಿಲ್ಲ. ಪ್ರಶ್ನೆ ಕೇಳಿದರೆ ಪಾಠದ ಘನತೆಗೆ ಕುಂದಂತೆ. ಹುಡುಗರು ಹೀಗೇ ಕೇಳದೆ ಹೋದರೆ ಬರುವ ತಿಂಗಳಿಂದ ಪಾಠ ನಿಲ್ಲಿಸುತ್ತೇವೆ ಎಂದು ವಿಭಾಗದವರು ಹೇಳಿಯಾಗಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ರೈತ. ಊರಿನವರು ಕೆರೆಯ ಕೆಸರುನೀರು ಕುಡಿಯುವುದನ್ನು ನೋಡಲಾರದೆ ತನ್ನ ಹೊಲದಲ್ಲಿ ಬಾವಿ ತೋಡಿದ. ಸಕ್ಕರೆಯಂಥ ನೀರು ಬಿತ್ತು. ರೈತ ಹಿಗ್ಗಿ ಹೀರೇಕಾಯಿಯಾದ. ಬಾವಿಗೆ ಕಮಾನು ಕಟ್ಟಿಸಿದ, ಗಂಟೆ ತೂಗಿಸಿದ, ರಾಟೆಗೆ ಅರಿಸಿನ ಕುಂಕುಮ ಹಚ್ಚಿದ. 'ಚಪ್ಪಲಿ ಹೊರಗೆ ಬಿಡಿ' ಎಂದು ಹಲಗೆ ಬರೆಸಿದ.

ಊರಿಗೆ ಊರೇ ಬಂತು. ಚಪ್ಪಲಿ ಬಿಟ್ಟಿತು, ಗಂಟೆ ಬಾರಿಸಿತು, ಕೈಮುಗಿಯಿತು, ಕೊಡ ಎತ್ತಿಕೊಂಡು ಕೆರೆಗೆ ಹೋಯಿತು.

ನಮ್ಮ ಬಾವಿಗೆ ಸಿಕ್ಕ ಮರ್ಯಾದೆ ಯಾವ ಬಾವಿಗೆ ಸಿಕ್ಕಿದೆ ಎಂದು ರೈತ ಸೊಸೆಯ ಮುಂದೆ ಮೀಸೆ ತಿರುವಿದ.

"ಮರ್ಯಾದೆ ಇರಲಿ ಮಾವಾರೇ, ಸೇದುವವರಿಲ್ಲದೆ ನೀರು ಪಾಚಿ ಕಟ್ಟುತ್ತಿದೆ. ದೇವರನ್ನು ಯಾರಾದರೂ ಕುಡಿಯುತ್ತಾರೆಯೇ?" ಎಂದಳು ಸೊಸೆ.

ಅಷ್ಟಕ್ಕೇ ಬಿಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡೇ ಒಳಗೆ ನಡೆದಳು, ಕೊಡ ಇಳಿಬಿಟ್ಟು ನೀರು ಸೇದಿದಳು. ಕಮಾನಿನಡಿ ಕೈಮುಗಿದು ನಿಂತಿದ್ದ ನೆರೆಮನೆಯವಳ ಮೇಲೆ ಒಂದು ಬೊಗಸೆ ಎರಚಿದಳು. ಆಕೆ ಸುಮ್ಮನಿದ್ದಾಳೆಯೇ? ಅವಳೂ ಸೇದಿದಳು, ಅವಳೂ ಎರಚಿದಳು. ನಗು ಕೇಳಿ ಓಣಿಯ ಹೆಂಗಸರೆಲ್ಲ ಕೊಡ ಹೊತ್ತು ಬಂದರು. ಸಂಜೆಯ ಹೊತ್ತಿಗೆ ಅರಿಸಿನ ತೊಳೆದುಹೋಗಿತ್ತು, ಕಟ್ಟೆ ಕೆಸರಾಗಿತ್ತು, ಗಂಟೆಯ ಹಗ್ಗವನ್ನು ಬಿಚ್ಚಿ ಯಾರೋ ಕೊಡಕ್ಕೆ ಕಟ್ಟಿಕೊಂಡಿದ್ದರು.

ಬೈಯಲು ಬಂದ ರೈತ ಬಾವಿಯೊಳಗೆ ಇಣುಕಿದ. ಪಾಚಿ ಸರಿದು ತಳದಲ್ಲಿ ಹೊಸ ಸೆಲೆ ಪುಟಿಯುತ್ತಿತ್ತು. ಬೈಗುಳ ನುಂಗಿಕೊಂಡ. ಹಲಗೆ ಕಿತ್ತು ತಂದು, ಕೊಡ ಇಡುವುದಕ್ಕೆ ಮಣೆ ಹಾಕಿದ.

ಭರಮಪ್ಪ ತೊಡೆ ತಟ್ಟಿಕೊಂಡು ನಕ್ಕ. ಇಂಥ ಪೆದ್ದನನ್ನು ನಮ್ಮೂರ ಕಡೆ ದೀಪ ಹಚ್ಚಿ ಹುಡುಕಿದರೂ ಸಿಗುವುದಿಲ್ಲ ಎಂದ.

ಮತ್ತೆ ತಟ್ಟಲು ಎತ್ತಿದ ಕೈ ಅಲ್ಲೇ ನಿಲ್ಲುವಂತೆ ಗುರುಗಳು ಕೇಳಿದರು: "ಅದಿರಲಿ ಭರಮಪ್ಪ, ನಿನ್ನ ಪಾಠದಲ್ಲಿ ಹುಡುಗರು ಚಪ್ಪಲಿ ಎಲ್ಲಿ ಬಿಡುತ್ತಾರೆ?"