ಕುಂಬಾರ ಓಣಿಯ ಬಾವಿ

ಹೊಳೆದಂಡೆಯ ಆಶ್ರಮದಲ್ಲಿ ಅಡವಯ್ಯನವರು ಬೆಳಗಿನ ಹೊತ್ತು ಔಷಧ ಕೊಡುತ್ತಿದ್ದರು. ಬಂದವರ ಹೆಸರು, ಓಣಿ, ಬೇನೆ ಬರೆದುಕೊಳ್ಳುವುದು ಶಿಷ್ಯ ತೋಂಟಪ್ಪನ ಕೆಲಸ.

ಆರು ವರ್ಷದಲ್ಲಿ ಅವನು ಒಂದು ದಿನವೂ ಬರೆಯದೆ ಬಿಟ್ಟವನಲ್ಲ. ಮುತ್ತು ಪೋಣಿಸಿದಂಥ ಅಕ್ಷರ. ಅಮಾವಾಸ್ಯೆಗೊಮ್ಮೆ ಅದರ ಸಾರಾಂಶ ಊರ ಗೌಡರಿಗೆ ಹೋಗುತ್ತಿತ್ತು. ಯಾವ ಗಟಾರ ತೋಡಿಸಬೇಕು, ಎಲ್ಲಿಯ ಹೂಳು ತೆಗೆಸಬೇಕು ಎಂಬುದನ್ನು ಗೌಡರು ಅದನ್ನು ನೋಡಿಯೇ ತೀರ್ಮಾನಿಸುತ್ತಿದ್ದರು. ಇದು ತೋಂಟಪ್ಪನಿಗೆ ಹೆಮ್ಮೆಯ ಮಾತು, ಸ್ವಲ್ಪ ಹೆಚ್ಚೇ ಹೆಮ್ಮೆಯ ಮಾತು.

ಒಂದು ಬೆಳಿಗ್ಗೆ ಕುಂಬಾರ ಓಣಿಯ ಕಲ್ಲವ್ವ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದಳು. ರಾತ್ರಿಯಿಂದ ವಾಂತಿ, ಭೇದಿ. ಕೂಸಿಗೆ ಕತ್ತು ಎತ್ತುವ ಶಕ್ತಿಯೂ ಇರಲಿಲ್ಲ.

ಅಡವಯ್ಯನವರು ಉಪ್ಪು, ಬೆಲ್ಲ ಹಾಕಿದ ಗಂಜಿತಿಳಿಯನ್ನು ಚಮಚದಲ್ಲಿ ಕುಡಿಸತೊಡಗಿದರು. ತೋಂಟಪ್ಪ ಬರೆದುಕೊಂಡ. ಬರೆದವನು ಹಿಂದಿನ ಹಾಳೆಗಳನ್ನು ಒಮ್ಮೆ ತಿರುವಿದ.

"ಅಜ್ಜಾರ, ಆರು ದಿನದಾಗ ಕುಂಬಾರ ಓಣ್ಯಾಗ ಹನ್ನೊಂದು ಮಂದಿಗೆ ಇದ ಬ್ಯಾನಿ ಐತ್ರಿ. ಉಳದ ಓಣಿ ಎಲ್ಲಾ ಸೇರಿ ಒಬ್ಬರು."

"ಉಳದವರು ಎಲ್ಲಿ ನೀರು ಕುಡೀತಾರ?"

"ಹೊಳಿದು. ಕುಂಬಾರರಿಗೆ ಅಷ್ಟ ಅವರ ಓಣಿ ಬಾವಿ."

"ಗೌಡರಿಗೆ ಹೇಳಿದಿ?"

"ಅಮಾವಾಸಿಗೆ ಇನ್ನ ಒಂಬತ್ತು ದಿನ ಅದಾವ್ರಿ. ಲೆಕ್ಕ ಪೂರಾ ಆಗ್ಲಿ."

"ಪೂರಾ ಆಗೂದಂದ್ರ?"

ತೋಂಟಪ್ಪ ಲೇಖನಿ ಕೆಳಗಿಟ್ಟ.

"ಹನ್ನೊಂದು ಮಂದೀನ್ನ ನೋಡಿ ಬಾವಿ ಮುಚ್ಚಿಸಿದ್ರ ಆ ಹೆಣ್ಮಕ್ಕಳು ಅರ್ಧ ಹರದಾರಿ ನಡದು ಹೊಳಿಗೆ ಬರಬೇಕು. ನಾಳೆ ಬಾವೀದು ತಪ್ಪಲ್ಲ ಅಂತಾದ್ರ? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗ ಆಗತೈತ್ರಿ."

ತಳ್ಳಿಹಾಕುವ ಮಾತೇನೂ ಅಲ್ಲ. ಗುರುಗಳೂ ತಳ್ಳಿಹಾಕಲಿಲ್ಲ.

ಕಲ್ಲವ್ವ ಇಷ್ಟನ್ನೂ ಕೇಳಿಸಿಕೊಂಡಿದ್ದಳು. "ಯಪ್ಪಾ, ಮನೀಗೆ ಹೋದ ಮ್ಯಾಲೆ ಈ ಕೂಸಿಗೆ ನಾ ಯಾವ ನೀರು ಕುಡಸ್ಲಿ?" ಎಂದಳು.

ತೋಂಟಪ್ಪ ಪುಸ್ತಕದ ಕಡೆ ನೋಡಿದ. ಆ ಪ್ರಶ್ನೆಗೆ ಅದರಲ್ಲಿ ಅಂಕಣ ಎಳೆದಿರಲಿಲ್ಲ.

"ನಾ ಬರೂತನಕ ಇಲ್ಲೇ ಇರವ್ವ. ಇಲ್ಲೀದ ಕುಡಸು," ಎಂದರು ಅಡವಯ್ಯನವರು. ಆಮೇಲೆ ಒಂದು ತಂಬಿಗೆ ತೆಗೆದುಕೊಂಡು ಶಿಷ್ಯನಿಗೆ, "ನಡಿ," ಎಂದರು.

ಬಿಸಿಲು ಏರಿತ್ತು. ಅರ್ಧ ಹರದಾರಿ ಎಂದು ಬಾಯಲ್ಲಿ ಹೇಳುವುದು ಸುಲಭ, ಕಾಲಿಗೆ ಅದು ಬೇರೆಯೇ ಲೆಕ್ಕ. ಕುಂಬಾರ ಓಣಿ ಸೇರುವಷ್ಟರಲ್ಲಿ ತೋಂಟಪ್ಪನ ಗಂಟಲು ಒಣಗಿತ್ತು.

"ಅಜ್ಜಾರ, ಎಲ್ಲಿಯರ ಚೂರು ನೀರು ಸಿಕ್ಕೀತೇನ್ರಿ?"

ಅಡವಯ್ಯನವರು ಬಾವಿಯ ಹಗ್ಗ ಹಿಡಿದು ಕೊಡ ಇಳಿಬಿಟ್ಟರು. ಎಳೆದು, ತಂಬಿಗೆ ತುಂಬಿ, ಅವನ ಕೈಗೆ ಕೊಟ್ಟರು.

"ಕುಡಿ."

ನೀರು ತಿಳಿಯಾಗಿತ್ತು. ತಣ್ಣಗಿತ್ತು. ಒಂದು ಕಸ ಇಲ್ಲ, ವಾಸನೆ ಇಲ್ಲ. ತೋಂಟಪ್ಪ ತಂಬಿಗೆಯನ್ನು ತುಟಿಯವರೆಗೆ ತಂದ. ಕೈ ಅಲ್ಲೇ ನಿಂತಿತು.

ಪಕ್ಕದಲ್ಲಿ ಒಬ್ಬ ಹೆಂಗಸು ಖಾಲಿ ಕೊಡ ಹಿಡಿದು ತನ್ನ ಸರದಿಗೆ ಕಾಯುತ್ತಿದ್ದಳು.

"ಯಾಕ, ನೀರಡಿಕಿ ಹೋತ?" ಎಂದರು ಗುರುಗಳು.

"ಇಲ್ರಿ."

"ಮತ್ತ ಕುಡಿ. ಬಾವೀದು ತಪ್ಪು ಅಂತ ಇನ್ನೂ ಗೊತ್ತಾಗಿಲ್ಲಲ."

ತೋಂಟಪ್ಪನಿಗೆ ನಾಚಿಕೆಯಾಯಿತು. ಆ ಹೆಂಗಸಿನ ಮುಖ ನೋಡಲಾಗಲಿಲ್ಲ. ತಂಬಿಗೆಯನ್ನು ಬಗ್ಗಿಸಿ ನೀರನ್ನು ನೆಲಕ್ಕೆ ಚೆಲ್ಲಿದ.

"ನಿನ್ನ ಬಾಯಿಗೆ ಬಂದಾಗ," ಎಂದರು ಅಡವಯ್ಯನವರು, "ಹನ್ನೊಂದು ಸಾಕಾತು."