ತೊಡೆ ಮುಟ್ಟಿದ ಕಾಲುಚೀಲ

ಕಾಲುಚೀಲ ಮಾತಾಡಿತು ಅಂದರೆ ನಂಬುವುದಿಲ್ಲ ತಾನೆ? ನಂಬದೆ ಇರಿ, ನೋಡೋಣ! ಯುದ್ಧದ ವರ್ಷ ನಮ್ಮ ಹೈಸ್ಕೂಲಿನ ಹೆಣಿಗೆ ಸಂಘದವರು ಗಡಿಯ ಸೈನಿಕರಿಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದೆವು. ಒಬ್ಬೊಬ್ಬರಿಗೆ ಒಂದು ಜೊತೆಗಾಗುವಷ್ಟು ನೂಲಿನ ಉಂಡೆ. ಹತ್ತನೇ ಕ್ಲಾಸಿನಲ್ಲಿ ನನ್ನಷ್ಟು ಚುರುಕಿನ ಕೈ ಇನ್ನೊಂದಿರಲಿಲ್ಲ. ಉಂಡೆ ಮುಗಿಯುವ ತನಕ ನಿಲ್ಲಿಸದೆ ಹೆಣೆದೆ; ಒಂದೇ ಕಾಲುಚೀಲ ತೊಡೆ ಮುಟ್ಟಿತು.

ಸಂಘದ ಬುಟ್ಟಿಗೆ ಬಿದ್ದ ಕೂಡಲೇ ಅದು ಉಳಿದವಕ್ಕೆ ಹೇಳಿತು: "ಸರಿಯಿರಿ ಗಿಡ್ಡರೇ. ಈ ಶಾಲೆಯ ಮಾನ ಉಳಿದದ್ದು ನನ್ನಿಂದ."

"ನಿನ್ನ ಜೊತೆಯದು ಎಲ್ಲಿ?" ಎಂದಿತು ನನ್ನ ಹೆಣಿಗೆ ಕಡ್ಡಿ.

"ಜೊತೆ ಯಾಕೆ? ನಾನೊಬ್ಬನೇ ಇಬ್ಬರಿಗೆ ಸಮ."

"ಒಪ್ಪಿದೆ ದೊರೆಯೇ. ಆದರೆ ಸೈನಿಕನಿಗೆ ಇನ್ನೊಂದು ಕಾಲಿದೆ. ಹಿಮದಲ್ಲಿ ಅದನ್ನು ಅವನು ಎಲ್ಲಿಡಬೇಕು?"

ಗಿಡ್ಡ ಕಾಲುಚೀಲಗಳು ಕಿಸಕ್ಕನೆ ನಕ್ಕವು. ಅಷ್ಟರಲ್ಲಿ ಕ್ರಾಫ್ಟ್ ಟೀಚರ್ ತುಳಜಾಬಾಯಿ ಬಂದು, ಜೊತೆಯಿದ್ದವನ್ನೆಲ್ಲ ಕಟ್ಟಿ ಮೂಟೆಗೆ ಹಾಕಿದರು. ಉದ್ದದ್ದನ್ನು ಬುಟ್ಟಿಯಲ್ಲೇ ಬಿಟ್ಟು, "ಶನಿವಾರ ಗಡಿಗೆ ಕೊನೆಯ ಲಾರಿ ಕಣೋ" ಎಂದು ನನ್ನ ಮುಖ ನೋಡಿ ಹೋದರು.

ಖಾಲಿ ಬುಟ್ಟಿಯಲ್ಲಿ ಕಾಲುಚೀಲ ತನ್ನ ಉದ್ದವನ್ನು ಮಡಚಿಕೊಂಡಿತು. ಆಮೇಲೆ, "ಕಡ್ಡಿಯಣ್ಣಾ, ನನ್ನನ್ನು ಬಿಚ್ಚಿಸು" ಎಂದಿತು.

"ಬಿಚ್ಚಿದರೆ ನಿನ್ನ ಉದ್ದ ಉಳಿಯುವುದಿಲ್ಲ."

"ಅವನ ಕಾಲು ಉಳಿಯಲಿ."

ಬಿಚ್ಚಿದವನೂ ನಾನೇ, ಮತ್ತೆ ಹೆಣೆದವನೂ ನಾನೇ. ಅಷ್ಟು ಬೇಗ ಬೇರೆ ಯಾರ ಕೈಲೂ ಆಗುತ್ತಿರಲಿಲ್ಲ ಬಿಡಿ. ಶನಿವಾರದ ಲಾರಿಯಲ್ಲಿ ಒಂದು ಜೊತೆ ಗಿಡ್ಡ ಕಾಲುಚೀಲ ಗಡಿಗೆ ಹೋಯಿತು. ಟೀಚರ್ ನನಗೆ ಬಹುಮಾನವೆಂದು ಕೊಟ್ಟದ್ದು ಕತ್ತರಿಸಿ ಉಳಿದ ಗೇಣುದ್ದ ನೂಲು.