ಒತೋಸೆಯ ಮಾಸಿದ ಪರದೆ

ಬಹಳ ಹಿಂದೆ, ಯಾವ ಅಜ್ಜಿಯ ಕಾಲವೋ ಏನೋ, ಜಪಾನಿನ ಈ ಹಳೇ ಪೇಟೆಯಲ್ಲೇ, ಹೊಳೆದಂಡೆಯ ಇದೇ ಬೀದಿಯಲ್ಲೇ, ಒತೋಸೆ ಅನ್ನೋ ಹೆಂಗಸು ಸುಶಿ ಅಂಗಡಿ ಇಟ್ಟಿದ್ದಳಂತೆ. ಆ ಕಡೆ ಕೊಡೆ ಅಂಗಡಿ, ಈ ಕಡೆ ಬೀಸಣಿಗೆ ಅಂಗಡಿ, ನಡುವೆ ಇವಳದು. ಹುಳಿ ಅನ್ನದ ಪುಟ್ಟ ಉಂಡೆ, ಮೇಲೊಂದು ಮೀನಿನ ಚೂರು. ಹಮಾಲರು, ದೋಣಿಯವರು ನಿಂತಲ್ಲೇ ಕೈಯಲ್ಲಿ ತಿಂದು, ಹೋಗುವಾಗ ಬಾಗಿಲ ಪರದೆಗೆ ಬೆರಳು ಒರೆಸಿ ಹೋಗೋರಂತೆ. ಮೂಗು ಮುರೀಬೇಡಿ! ಆಗ ಅದೇ ಪದ್ಧತಿ. ಪರದೆ ಎಷ್ಟು ಮಾಸಿದೆಯೋ ರುಚಿ ಅಷ್ಟು ಚೆನ್ನಾಗಿದೆ ಅಂತ ಲೆಕ್ಕ. ಊರಿಗೆ ಹೊಸಬ ಬಂದರೆ ಯಾರನ್ನೂ ಕೇಳ್ತಿರಲಿಲ್ಲ, ಕೊಳಕು ಪರದೆ ಹುಡುಕಿ ಒಳಗೆ ನುಗ್ತಿದ್ದ.

ಒತೋಸೆಯ ಪರದೆಯಷ್ಟು ಮಾಸಿದ್ದು ಇನ್ನೊಂದಿರಲಿಲ್ಲವಂತೆ. ಅದರ ಎಡಗಡೆ ಕೆಳಮೂಲೆಯಲ್ಲಿ ಐದು ಬೆರಳಿನ ಗುರುತು. ಅವಳ ಗಂಡ, ದೋಣಿಯವನು, ಕೊನೇ ಸಲ ತಿಂದು ಹೊಳೆಗಿಳಿದ ದಿನದ್ದು. ಆಮೇಲೆ ಅವನೂ ಬರಲಿಲ್ಲ, ದೋಣಿಯೂ ಬರಲಿಲ್ಲ. ಆ ಮೂಲೆ ಮುಟ್ಟಿ ನೋಡಿಯೇ ಅವಳು ದಿನಾ ಒಲೆ ಹಚ್ಚೋಳಂತೆ.

ಒಂದು ಸಲ ಸೀಮೆಯ ದೊರೆ ಬೀದಿ ನೋಡೋಕೆ ಬರ್ತಾನೆ ಅಂತ ಸುದ್ದಿ ಬಂತು. ಬೀದಿಯ ಯಜಮಾನ ಕಿಚಿಬೇ ಇದ್ದನಲ್ಲ, ಅವನಿಗೆ ತಲೆ ನಿಲ್ಲಲಿಲ್ಲ. ಎಲ್ಲ ಪರದೆ ಒಗೆದು ಬೆಳ್ಳಗೆ ಮಾಡಿ ಅಂದ. ದೊರೆಗೆ ಹೇಸಿಗೆ ಆಗುತ್ತಂತೆ! ಹಮಾಲರ ಕೈಗುರುತು ಹೇಸಿಗೆ, ಅವರು ಹೊತ್ತು ತಂದ ಅಕ್ಕಿ ಹೇಸಿಗೆ ಅಲ್ಲ. ಎಲ್ಲರೂ ಹೂಂ ಅಂದರು, ಒತೋಸೆ ಒಲ್ಲೆ ಅಂದಳು. ಗಂಡನ ಕೈ ಇದೆ ಮಹರಾಯಾ, ಬೇಕಾದರೆ ಅವತ್ತು ಅಂಗಡಿನೇ ತೆಗೆಯಲ್ಲ ಅಂತ ಬೇಡಿಕೊಂಡಳಂತೆ. ಅವನು ಆಗಲಿ ಅಂತ ತಲೆ ಆಡಿಸಿದ. ಅವಳು ಮೀನು ತರೋಕೆ ಹೋದ ಹೊತ್ತು ನೋಡಿ, ಆಳು ಬಿಟ್ಟು ಪರದೆ ಬಿಚ್ಚಿಸಿ, ಬೂದಿ ನೀರಲ್ಲಿ ಕುದಿಸಿ ಒಗೆಸಿಬಿಟ್ಟ. ಅವನ ಮನೆ ಹಾಳಾಗ! ಈಗ ಹೇಳುವಾಗಲೂ ನನಗೆ ಮೈಯೆಲ್ಲಾ ಉರಿಯುತ್ತೆ.

ದೊರೆ ಬಂದ. ಹಸಿದು ಬಂದಿದ್ದನಂತೆ. ಈ ತುದಿಯಿಂದ ಆ ತುದಿಗೆ ನಡೆದ, ಪರದೆ ಎಲ್ಲ ಹಾಲಿನ ಹಾಗೆ ಬೆಳ್ಳಗೆ. ಈ ಬೀದೀಲಿ ಯಾರೂ ಏನೂ ತಿನ್ನೋದೇ ಇಲ್ಲವೇ ಅಂತ ಕೇಳಿದನಂತೆ. ಒತೋಸೆ ಆ ಒದ್ದೆ ಪರದೆ ಹಿಡಿದುಕೊಂಡೇ ಮುಂದೆ ಬಂದಳು.

"ತಿನ್ನುತ್ತಿದ್ದರು ಒಡೆಯಾ. ನೀವು ಬರ್ತೀರಂತ ಅವರನ್ನೆಲ್ಲ ಒಗೆದು ಹಾಕಿದ್ದಾರೆ."

ದೊರೆ ತಲೆ ತಗ್ಗಿಸಿ, ಉಣ್ಣದೆ ಹೊರಟುಹೋದ ಅಂತಾರೆ. ಕಿಚಿಬೇಯ ಯಜಮಾನಿಕೆ ಕಿತ್ತುಕೊಂಡ ಅಂತಲೂ ಅಂತಾರೆ. ಕಿತ್ತುಕೊಂಡರೇನು ಬಂತು? ಆ ಐದು ಬೆರಳು ವಾಪಸ್ ಬಂದವೇ?

ಮಾರನೇ ದಿನ ಹಮಾಲರು, ದೋಣಿಯವರು, ಹಸಿದೋರು, ಹಸಿವಿಲ್ಲದೋರು ಎಲ್ಲ ಸಾಲುಗಟ್ಟಿ ಬಂದು ತಿಂದು ಪರದೆ ತುಂಬ ಕೈ ಒರೆಸಿದರಂತೆ. ಎಡಗಡೆಯ ಕೆಳಮೂಲೆ ಮಾತ್ರ ಒಬ್ಬರೂ ಮುಟ್ಟಲಿಲ್ಲ. ಮುಟ್ಟಬೇಡಿ ಅಂತ ಯಾರೂ ಹೇಳಿರಲಿಲ್ಲ.

ನೀವು ಊರು ಸುತ್ತೋಕೆ ಬಂದೋರು, ಕೊಡೆ ಕೊಳ್ಳಿ, ಬೀಸಣಿಗೆ ಕೊಳ್ಳಿ, ಆ ಅಂಗಡಿಗೂ ಹೋಗಿ ತಿನ್ನಿ. ತಿಂದು ಕೈ ಒರೆಸಿ, ಯಾರೂ ಏನೂ ಅನ್ನಲ್ಲ. ಹಳೇ ಪರದೆ ಹರಿದು ಎಷ್ಟೋ ಹೊಸವು ಬಂದವು, ಎಲ್ಲದರಲ್ಲೂ ಎಡಗಡೆಯ ಕೆಳಮೂಲೆ ಬೆಳ್ಳಗೇ ಉಳಿದಿದೆ. ಅದು ಒತೋಸೆಯ ಗಂಡ ಕೈ ಒರೆಸೋ ಜಾಗ.